ಕುಬಸದ ಹಸಿರು

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಪಿ.ಟಿ. ಸರ್ ಕೈಯಲ್ಲಿ ಯಾವಾಗಲೂ ಒಂದು ಕಪ್ಪು ಕೊಡೆ ಇರುತ್ತಿತ್ತು ಎಂದು ನನ್ನ ನೆನಪು. ಅದು ಕೊಡೆಯಲ್ಲ, ಮೈದಾನದ ಮೂಲೆಗೆ ನೆಡುವ ಬಾವುಟದ ಕೋಲು ಎಂದು ನನ್ನ ತಮ್ಮ ವಾದಿಸುತ್ತಾನೆ. ನಾವಿಬ್ಬರೂ ಒಂದೇ ಮನುಷ್ಯನನ್ನು ದಿನವೂ ನೋಡುತ್ತ ಬೆಳೆದವರು. ಹಾಗಾಗಿ ಸದ್ಯಕ್ಕೆ ನಾನು ಖಾತರಿಯಿಂದ ಹೇಳಬಲ್ಲದ್ದು ಒಂದು ಹಳೆಯ ಅರಿವೆಯ ಬಗ್ಗೆ ಮಾತ್ರ.

ಮೊನ್ನೆ ಹೊಸಪೇಟೆಯಿಂದ ಕಂಪ್ಲಿಗೆ ಹೋದಾಗ ಅಪ್ಪ ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಮೀಟರ್ ಕಡ್ಡಿ ಒರೆಸುತ್ತಿದ್ದರು. ಕೈಯಲ್ಲಿದ್ದ ಅರಿವೆ ಒಗೆದೂ ಒಗೆದೂ ಬಣ್ಣಗೆಟ್ಟಿತ್ತು. ಆದರೆ ಹೊಲಿಗೆಯ ಮಡಿಕೆಯೊಳಗೆ ಹಸಿರು ಹಾಗೇ ಉಳಿದಿತ್ತು. ಗಿಣಿಹಸಿರಲ್ಲ, ಎಲೆಹಸಿರೂ ಅಲ್ಲ, ಬಳೆಗಾರರ ಗಂಟು ಬಿಚ್ಚಿದಾಗ ಕಾಣುವ ಹಸಿರು. ಇಸಿದುಕೊಂಡು ಬಿಡಿಸಿ ನೋಡಿದೆ. ಬಿಳಿ ಬಣ್ಣದಲ್ಲಿ ಬರೆದಿದ್ದ ಒಂದು ಅಂಕಿಯ ತುದಿ ಇತ್ತು. ಏಳೋ, ಒಂದೋ... ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಅಂಗಿ ಅದು. ಈಗ ಧೂಳು ಒರೆಸುತ್ತಿತ್ತು.

ಪಿ.ಟಿ. ಸರ್ ನಮ್ಮ ಎದುರು ಮನೆಯವರು. ಹಗಲು ಹೈಸ್ಕೂಲಿನಲ್ಲಿ ಆಟದ ಮೇಷ್ಟ್ರು, ಸಂಜೆ ಕ್ಲಬ್ಬಿನ ಹುಡುಗರಿಗೆ ಕೋಚ್. ನಾನು ಹುಟ್ಟುವ ಮೊದಲೇ ಆ ಕೆಲಸ ಹಿಡಿದಿದ್ದರು, ನಾನು ಎಂ.ಎ. ಓದುವಾಗಲೂ ಬಿಟ್ಟಿರಲಿಲ್ಲ. ಅಷ್ಟೂ ಕಾಲ ಕ್ಲಬ್ಬಿನ ಬಣ್ಣ ಹಸಿರೇ ಆಗಿತ್ತು. ಆ ಹಸಿರು ಬಂದದ್ದು ನಮ್ಮ ಅಂಗಡಿಯಿಂದ.

ಕ್ಲಬ್ ಶುರುವಾದಾಗ ಅಂಗಿಗೆ ಬಟ್ಟೆ ಕೊಡುತ್ತೇನೆಂದು ನಮ್ಮ ಅಜ್ಜ ಮಾತು ಕೊಟ್ಟಿದ್ದರಂತೆ. ಅಂಗಡಿಯಲ್ಲಿ ಇಡೀ ತಂಡಕ್ಕೆ ಸಾಲುವಷ್ಟು ಒಂದೇ ಬಣ್ಣದಲ್ಲಿ ಇದ್ದದ್ದು ಹಸಿರು ಪಾಪ್ಲಿನ್ ಮಾತ್ರ. ಚೊಚ್ಚಲ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಮಾಡುತ್ತೇವಲ್ಲ, ಆ ಕುಬಸಕ್ಕೆಂದು ತರಿಸಿದ್ದ ಬಟ್ಟೆಯ ಥಾನು. ಗಂಡುಹುಡುಗರಿಗೆ ಇದನ್ನು ಹೇಗೆ ಕೊಡುವುದೆಂದು ಅಜ್ಜ ಅನುಮಾನಿಸುತ್ತ ನಿಂತಾಗ ಅಜ್ಜಿಯೇ ಥಾನು ಇಳಿಸಿದಳಂತೆ. "ಬಸುರಿಗೆ ಒಳ್ಳೇದು ಮಾಡೋ ಬಣ್ಣ ಹುಡುಗ್ರಿಗೇನು ಕೆಟ್ಟದ್ದು ಮಾಡ್ತತಿ? ಒಯ್ರಿ" ಅಂದಳಂತೆ. ಅಜ್ಜಿ ಈ ಕತೆಯನ್ನು ಹೇಳುವಾಗಲೆಲ್ಲ ಥಾನು ಸ್ವಲ್ಪ ಸ್ವಲ್ಪ ಭಾರವಾಗುತ್ತಿತ್ತು. ಆದರೆ ಬಣ್ಣ ಅವಳದೇ ಆಯ್ಕೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಅಲ್ಲಗಳೆದಿದ್ದಿಲ್ಲ.

ಕತೆ ಸುತ್ತಲ ಊರುಗಳಿಗೂ ಹಬ್ಬಿತ್ತು. ಹೊಸಪೇಟೆಗೋ ಸಂಡೂರಿಗೋ ಆಡಲು ಹೋದರೆ, ನಮ್ಮ ಹುಡುಗರು ಟೆಂಪೋದಿಂದ ಇಳಿಯುವುದೇ ತಡ, ಅಲ್ಲಿಯವರು ಶುರುಮಾಡುತ್ತಿದ್ದರು.

"ಎಷ್ಟನೇ ತಿಂಗ್ಳಲೇ?"

"ಬಯಕಿ ಏನೈತಿ? ಹುಣಸಿಕಾಯಿ ತರಸ್ಲೇನು?"

ಒಮ್ಮೆ ಸಂಡೂರಿನ ಮೈದಾನದಲ್ಲಿ, ಅದಿರಿನ ಕೆಂಪು ಧೂಳು ಮೆತ್ತಿಕೊಂಡು ಕೂತಿದ್ದ ನಮ್ಮ ಹುಡುಗರು ರೋಸಿಹೋಗಿ, ಮುಂದಿನ ವರ್ಷ ಕರಿ ಅಂಗಿ ಮಾಡಿಸೋಣ ಸರ್ ಎಂದು ಗೋಗರೆದರು. ನಾನು ಅಪ್ಪನ ಪಕ್ಕ ಕೂತಿದ್ದೆ. ಸರ್ ಬಾಯಲ್ಲಿದ್ದ ಸೀಟಿ ತೆಗೆದು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ.

"ಎಷ್ಟನೇ ತಿಂಗ್ಳು ಅಂತ ಕೇಳಿದ್ರ ಒಂಬತ್ತು ತುಂಬೈತಿ ಅನ್ರಿ. ಆಟ ಮುಗಿಯೋದ್ರಾಗ ಹಡಿತೀವಿ ಅನ್ರಿ."

ಅವತ್ತಿನಿಂದ ನಮ್ಮವರು ಗೋಲ್ ಹೊಡೆದರೆ ಅದು ಹೆರಿಗೆ. ಎರಡು ಹೊಡೆದರೆ ಬೇಲಿಯ ಆಚೆಯಿಂದ "ಅವಳಿ-ಜವಳಿ!" ಎಂದು ಕೇಕೆ. ಸೋತು ಬಂದ ದಿನ ಊರ ಹೆಂಗಸರು ಕೂಡ "ಏನ್ರಿ ಸರ್, ಬಾಣಂತಿ ಹೆಂಗದಾಳ?" ಎಂದು ಕೆಣಕುತ್ತಿದ್ದರು. "ಈ ಸಲ ದಿನ ತುಂಬಿರ್ಲಿಲ್ಲವ್ವ" ಅನ್ನುತ್ತಿದ್ದರು ಸರ್.

ಆ ಬಣ್ಣದಿಂದ ಅವರು ಇನ್ನೊಂದು ಕೆಲಸವನ್ನೂ ತೆಗೆದಿದ್ದರು. ನಮ್ಮ ಹುಡುಗರಿಗೆ ತಮ್ಮ ಓಣಿಯವನಿಗೇ ಚೆಂಡು ಕೊಡುವ ಚಾಳಿ. ರೈಸ್ ಮಿಲ್ಲಿನವರ ಮಗ, ಹಮಾಲರ ಓಣಿಯ ಹುಡುಗ ಪಕ್ಕದಲ್ಲೇ ಓಡುತ್ತಿದ್ದರೂ ಕಾಣದವನಂತೆ ಆಡುತ್ತಿದ್ದ. ಗೆರೆಯ ಆಚೆಯಿಂದ ಸರ್ ಕೂಗುತ್ತಿದ್ದರು: "ಮಾರಿ ನೋಡಬ್ಯಾಡ್ಲೇ! ಹಸಿರು ನೋಡು, ಹಸಿರು!" ಸಂಜೆ ನಮ್ಮ ಅಡುಗೆಮನೆಯವರೆಗೂ ಆ ಕೂಗು ಬರುತ್ತಿತ್ತು. ಮೈದಾನ ಅಂದರೆ ಬರೀ ಗಟ್ಟಿ ನೆಲ, ಅಂಚಿಗೆ ಜಾಲಿಮುಳ್ಳು. ಆಡುಗಳು ಕೂಡ ಅದನ್ನು ಸುಮ್ಮನೆ ದಾಟಿಹೋಗುತ್ತಿದ್ದವು, ಮೇಯಲು ನಿಲ್ಲುತ್ತಿರಲಿಲ್ಲ.

ಸರ್ ಮುಸಲ್ಮಾನರು. ಈ ವಾಕ್ಯ ಇಷ್ಟು ತಡವಾಗಿ ಬರುತ್ತಿದೆ ಎಂದು ನನಗೆ ಗೊತ್ತು. ನನ್ನ ಬಾಲ್ಯದಲ್ಲಿ ಅದು ಹೇಳಬೇಕಾದ ಸಂಗತಿಯೇ ಆಗಿರಲಿಲ್ಲ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಆಗಿರಲಿಲ್ಲ, ಯಾರಿಗೆ? ಬಜಾರಿನಲ್ಲಿ ಮೂರು ತಲೆಮಾರಿನ ಅಂಗಡಿ ಇರುವ ನಮಗೆ ಆಗಿರಲಿಲ್ಲ. ಅವರಿಗೆ ಹೇಗಿತ್ತೋ, ನಾನು ಕೇಳಿದವಳಲ್ಲ...

ಎಂ.ಎ. ಮುಗಿಯುವ ವರ್ಷ ರಜೆಗೆ ಊರಿಗೆ ಬಂದಿದ್ದೆ. ಹೊಸಪೇಟೆಯಲ್ಲಿ ಪಂದ್ಯವಿತ್ತು. ತಮ್ಮ ಆಗ ತಂಡದಲ್ಲಿದ್ದ. ಹಿಂತಿರುಗಿ ಬಂದವನು ಊಟ ಮಾಡದೆ ಮಲಗಿದ. ಆ ದಿನ ಎಷ್ಟನೇ ತಿಂಗಳು ಎಂದು ಯಾರೂ ಕೇಳಲಿಲ್ಲವಂತೆ. ಹಸಿರು ಅಂಗಿ ನೋಡಿ, ಗೆರೆಯ ಬಳಿ ನಿಂತಿದ್ದ ಸರ್ ಕಡೆ ಕೈ ತೋರಿಸಿ, ಬೇರೆ ಏನೋ ಕೂಗಿದರಂತೆ. ಅದನ್ನು ಇಲ್ಲಿ ಬರೆಯಲಾರೆ. ಯಾರೋ ವಿಡಿಯೋ ಮಾಡಿದ್ದರು. ಅದು ಮರುದಿನ ಕಂಪ್ಲಿಯ ಫೋನುಗಳಲ್ಲೆಲ್ಲ ಓಡಾಡಿತು.

ಆಮೇಲೆ ಅಂಗಡಿಗೆ ಬಂದವರು ಸೀರೆ ನೋಡುತ್ತ ನೋಡುತ್ತ ಅಪ್ಪನನ್ನು ಕೇಳುತ್ತಿದ್ದರು. ಅಪ್ಪ ಆಗ ಕ್ಲಬ್ಬಿನ ಅಧ್ಯಕ್ಷರು.

"ಏನ್ರಿ ಸಾವ್ಕಾರ್ರ, ನಿಮ್ಮ ಟೀಮು ಯಾವಾಗ ಆ ಕಡಿ ಹೋತು? ಕೋಚೂ ಅವರವ, ಬಣ್ಣಾನೂ ಅವರದು."

ನಗುತ್ತಲೇ ಕೇಳುತ್ತಿದ್ದರು. ಅಪ್ಪನೂ ನಗುತ್ತಿದ್ದರು. "ಅದು ನಮ್ಮವ್ವ ಕೊಟ್ಟ ಬಣ್ಣ" ಎಂದು ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅಜ್ಜಿಯ ಫೋಟೋ ಗಾದಿಯ ಮೇಲ್ಗಡೆ ಗೋಡೆಯಲ್ಲೇ ಇತ್ತು. ಅಪ್ಪ ಬಟ್ಟೆ ಹರಿದು ಕೊಟ್ಟರು. ನಾನು ಪಕ್ಕದಲ್ಲಿ ಕೂತು ಬಿಚ್ಚಿದ ಸೀರೆಗಳನ್ನು ಮಡಚುತ್ತಿದ್ದೆ. ಆ ಮಾತು ನನ್ನ ಬಾಯಲ್ಲೂ ಇತ್ತು. ಮಡಚುತ್ತಲೇ ಇದ್ದೆ.

ಅಂಗಡಿಯ ಅಟ್ಟದ ಮೇಲೆ ಕ್ಲಬ್ಬಿನವರು ಸಭೆ ಸೇರಿದರು. ಹೊಸ ಅಂಗಿ ಕೊಡಿಸಲು ಒಪ್ಪಿದ್ದ ಸಿಮೆಂಟ್ ಅಂಗಡಿಯವರು ಬಂದಿದ್ದರು. ಸರ್ ಕಂಬಕ್ಕೆ ಒರಗಿ ಕೂತಿದ್ದರು. ನಾನು ಚಹಾ ಹಿಡಿದು ಏಣಿ ಹತ್ತಿದೆ. ಎಲ್ಲರೂ ಬಣ್ಣದ ಬಗ್ಗೆ ಮಾತಾಡುತ್ತಿದ್ದರು, ಆದರೆ ಯಾರೂ ಆ ಕೂಗಿನ ಬಗ್ಗೆ ಮಾತಾಡುತ್ತಿರಲಿಲ್ಲ. ಹಸಿರು ಬೇಗ ಬೆಳ್ಳಗಾಗುತ್ತದೆ ಎಂದು ಒಬ್ಬರು. ಫೋಟೋದಲ್ಲಿ ಮಬ್ಬು ಕಾಣುತ್ತದೆ ಎಂದು ಇನ್ನೊಬ್ಬರು. ಎಲ್ಲ ಊರಿನ ಕ್ಲಬ್ಬುಗಳೂ ಬದಲಾಯಿಸುತ್ತಿವೆ ಎಂದು ಮತ್ತೊಬ್ಬರು. ಹೀಗೆ ಮಾತು ಸುತ್ತಿ ಸುತ್ತಿ ಸೋತು ನಿಂತಾಗ ಸರ್ ಲೋಟ ಕೆಳಗಿಟ್ಟರು.

"ನಾನೇ ಹೇಳೋಣ ಅಂತಿದ್ದೆ. ಹಸಿರು ಭಾಳ ಹಳೇದಾತ್ರಿ. ಹುಲ್ಲಿನ್ಯಾಗ ಹುಡುಗ್ರು ಕಾಣಂಗಿಲ್ಲ. ಬದಲಿ ಮಾಡಿಬಿಡಣ."

ಯಾರೂ ನಗಲಿಲ್ಲ. ಆ ಮೈದಾನದಲ್ಲಿ ಬಿದ್ದು ಮಂಡಿ ತರಚಿಕೊಳ್ಳದವರು ಆ ಅಟ್ಟದ ಮೇಲೆ ಒಬ್ಬರೂ ಇರಲಿಲ್ಲ. ಆದರೂ ಎಲ್ಲರೂ ಹೌದು ಹೌದು, ಹುಲ್ಲಿನಲ್ಲಿ ಕಾಣುವುದಿಲ್ಲ ಎಂದರು.

"ಸರ್ ಹೇಳಿದ ಮ್ಯಾಲೆ ಮುಗೀತು" ಎಂದರು ಅಪ್ಪ.

ಹಾಗಾದರೆ ಯಾವ ಬಣ್ಣ? ಕೆಂಪು ಎಂದರೆ ಸಂಡೂರಿನವರದು. ಹಳದಿ ಎಂದರೆ ಇನ್ನಾವುದೋ ಊರಿನದು. "ಕೇಸರಿ?" ಎಂದ ಒಬ್ಬ, ಅಂದವನೇ ಚಹಾದ ಲೋಟದೊಳಗೆ ಮುಖ ಹಾಕಿದ. "ಹಾಕ್ರಿ, ಅದಕ್ಕೇನು? ಮಸ್ತ್ ಬಣ್ಣ" ಎಂದರು ಸರ್, ಅವನನ್ನೇ ಸಮಾಧಾನ ಮಾಡುವವರಂತೆ. ಅಪ್ಪ ಗಡಿಬಿಡಿಯಿಂದ, ಬೇಡ, ಬೂದು ಇರಲಿ ಎಂದರು. ಯಾರಿಗೂ ಏನೂ ಅನ್ನಿಸದ ಬಣ್ಣ. ಸಿಮೆಂಟಿನವರಿಗೆ ಭಾಳ ಹಿಡಿಸಿತು. ಏಣಿ ಇಳಿಯುವಾಗ ನನಗೆ ಮೈ ಹಗುರಾದಂತಿತ್ತು. ಯಾರ ಮನಸ್ಸೂ ನೋಯಲಿಲ್ಲ, ಎಷ್ಟು ಸಲೀಸಾಗಿ ಮುಗಿಯಿತು ಎಂದುಕೊಂಡೆ. ಆ ಹಗುರ ಈಗ ನೆನಪಾದರೆ ಎದುರು ಮನೆಯ ಬಾಗಿಲ ಕಡೆ ನೋಡಲಾಗುವುದಿಲ್ಲ.

ಬೂದು ಅಂಗಿಯ ಮೊದಲ ಪಂದ್ಯ ನಮ್ಮೂರಲ್ಲೇ ಆಯಿತು. ತಮ್ಮನ ಕಾಲಿಗೆ ಚೆಂಡು ಬಂತು. ಗೆರೆಯ ಆಚೆಯಿಂದ ರೂಢಿಯಂತೆ ಕೂಗು ಬಂತು: "ಹಸಿರು ನೋಡ್ಲೇ!" ತಮ್ಮ ಚೆಂಡಿನ ಮೇಲೆ ಕಾಲಿಟ್ಟು ನಿಂತುಬಿಟ್ಟ. ನಿಜವಾಗಿಯೂ ಹುಡುಕಿದ ಎಂದು ಕಾಣುತ್ತದೆ, ತಲೆ ಆ ಕಡೆ ಈ ಕಡೆ ತಿರುಗಿಸಿದ. ಯಾರೋ ಹಿಂದಿನಿಂದ "ಎಲ್ಲೈತ್ರಿ ಸರ್ ಹಸಿರು?" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲವೇನೋ... ಒಂದಿಷ್ಟು ಜನ ನಕ್ಕರು. ಅವತ್ತಿನಿಂದ ಸರ್ ಗೆರೆಯ ಬಳಿ ನಿಂತು ಕೂಗಿದ್ದನ್ನು ನಾನು ಕೇಳಿಲ್ಲ. ಸ್ವಲ್ಪ ದಿನಕ್ಕೆ ಮಂಡಿನೋವು ಎಂದರು. ಆಮೇಲೆ ಮನೆ ಮಾರಿ ಬಳ್ಳಾರಿಯಲ್ಲಿದ್ದ ಮಗಳ ಮನೆಗೆ ಹೋದರು. ತೀರಿಕೊಂಡ ಸುದ್ದಿಯೂ ಅಲ್ಲಿಂದಲೇ ಬಂತು. ಅಪ್ಪ ಅಂಗಡಿಯ ಒಂದು ಬಾಗಿಲು ಹಾಕಿದರು. ಇನ್ನೊಂದನ್ನು ತೆರೆದೇ ಇಟ್ಟಿದ್ದರು.

ಕ್ಲಬ್ಬಿನ ಬಣ್ಣ ಎಂದೂ ಬದಲಾಗಕೂಡದು ಎಂದು ಹಟ ಹಿಡಿಯುವವಳಲ್ಲ ನಾನು. ಬಟ್ಟೆ ಸಿಗದಿದ್ದರೆ, ಎದುರಿನ ತಂಡವೂ ಅದೇ ಬಣ್ಣ ತೊಟ್ಟಿದ್ದರೆ, ಆಡುವ ಹುಡುಗರಿಗೇ ಬೇಸರ ಬಂದರೆ ಬದಲಾಯಿಸಲಿ. ನಮ್ಮ ಹಸಿರೂ ಆ ಥಾನು ಇತ್ತು ಎಂಬ ಕಾರಣಕ್ಕೆ ಬಂದದ್ದೇ. ಆದರೆ ನಾವು ಬದಲಾಯಿಸಿದ್ದಕ್ಕೆ ಇದ್ದ ಕಾರಣವನ್ನು ನಮ್ಮಲ್ಲಿ ಒಬ್ಬರಿಗೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಅದಕ್ಕೆ ಬದಲು ಇನ್ನೊಂದು ಕಾರಣ ಬೇಕಿತ್ತು. ಅದನ್ನು ಕೂಡ ಸರ್ ಬಾಯಿಂದಲೇ ತೆಗೆದುಕೊಂಡೆವು.

ಇಷ್ಟಾದರೂ ಹಾಸ್ಟೆಲ್ಲಿಗೆ ಮರಳಿದ ಮೇಲೆ ಇದನ್ನೇ ನಾನು ಗೆಳತಿಯರಿಗೆ ಹೆಮ್ಮೆಯಿಂದ ಹೇಳಿದ್ದೇನೆ. ನಮ್ಮೂರಲ್ಲಿ ಎಷ್ಟು ಹೊಂದಾಣಿಕೆ ನೋಡಿ, ಕೋಚ್ ತಾವಾಗಿಯೇ ಎದ್ದು ಬಣ್ಣ ಬದಲಾಯಿಸೋಣ ಅಂದರು ಎಂದು. ಕೇಳಿದವರ ಕಣ್ಣು ತುಂಬಿದ್ದೂ ಉಂಟು. ಹೀಗೆ ಎಷ್ಟೋ ಸಲ ಹೇಳಿದ ಮೇಲೆ ಒಂದು ದಿನ ಗಮನಕ್ಕೆ ಬಂತು: ಹೇಳುವಾಗಲೆಲ್ಲ ಹುಲ್ಲಿನ ಮಾತನ್ನು ಬಿಟ್ಟುಬಿಡುತ್ತಿದ್ದೆ. ಯಾರಾದರೂ, ನಿಮ್ಮೂರ ಮೈದಾನದಲ್ಲಿ ಹುಲ್ಲಿದೆಯಾ ಎಂದು ಕೇಳಿಬಿಟ್ಟರೆ ಎಂಬ ಭಯ ಇದ್ದಿರಬೇಕು.

ಇನ್ನೊಂದು ಸಂಗತಿಯನ್ನೂ ಬಿಡುತ್ತಿದ್ದೆ. ಸಭೆಯ ಹಿಂದಿನ ಸಂಜೆ ಎದುರು ಮನೆಯ ಹೊಸ್ತಿಲಾಚೆ ಅಪ್ಪನ ಚಪ್ಪಲಿ ನೋಡಿದ ನೆನಪು ನನಗಿದೆ. ಹಬ್ಬದ ದಿನ ಬಿಟ್ಟರೆ ಅಪ್ಪ ಅವರ ಮನೆಯೊಳಗೆ ಹೋಗುತ್ತಿರಲಿಲ್ಲ. ಮಾತಿದ್ದರೆ ನಮ್ಮ ಕಟ್ಟೆಯಿಂದಲೇ "ಸರ್, ಬರ್ರಿ, ಕುಂದ್ರಿ" ಎಂದು ಕರೆಯುತ್ತಿದ್ದರು. ಅದು ಆ ಸಂಜೆಯೇನಾ, ಬೇರೆ ಯಾವುದೋ ಹಬ್ಬದ ಸಂಜೆಯಾ? ದಿನಚರಿ ತೆಗೆದು ನೋಡಿದೆ. ಸಭೆಯ ದಿನದ ಪುಟದಲ್ಲಿ "ಬಣ್ಣ ಬದಲಾಯಿತು. ಚಹಾ ಸಾಲಲಿಲ್ಲ" ಎಂದಷ್ಟೇ ಇದೆ. ಹಿಂದಿನ ದಿನ ನಾನು ಏನೂ ಬರೆದಿಲ್ಲ.

ಮೊನ್ನೆ ಆ ಅರಿವೆಯನ್ನು ತೊಡೆಯ ಮೇಲೆ ಹರಡಿಕೊಂಡು ಅಪ್ಪನ ಎದುರು ಕೂತೆ. ಅಂಗಡಿಯಲ್ಲಿ ನಾವಿಬ್ಬರೇ ಇದ್ದೆವು. ಕೇಳಿದೆ. ಅಪ್ಪನ ಕಿವಿ ಈಗ ಮಂದ, ಆದರೆ ನನ್ನ ಮಾತು ಕೇಳಿಸಿತು, ಏಕೆಂದರೆ ಕಡ್ಡಿಯನ್ನು ಸುಮ್ಮನೆ ಸವರುತ್ತಿದ್ದ ಕೈ ನಿಂತಿತು. ನನ್ನ ತೊಡೆಯ ಮೇಲಿನ ಅರಿವೆಯನ್ನು ತೆಗೆದುಕೊಂಡರು. ಕಡ್ಡಿ ಒರೆಸಲಿಲ್ಲ. ಗಿರಾಕಿಗೆ ಕೊಡುವ ಹೊಸ ಬಟ್ಟೆಯಂತೆ ಅಂಚಿಗೆ ಅಂಚು ಹಚ್ಚಿ ಮಡಚಿ, ಗಾದಿಯ ಕೆಳಗೆ ಇಟ್ಟುಕೊಂಡರು. ಆಮೇಲೆ "ಬಸ್ಸಿಗೆ ಹೊತ್ತಾತು ನೋಡು" ಎಂದರು. ಅದಾದ ಮೇಲೆ ದಿನವೂ ಫೋನಿನಲ್ಲಿ ಮಾತಾಡಿದ್ದೇವೆ, ಅಮ್ಮನ ಔಷಧಿ, ಬಿಸಿಲು, ತಮ್ಮನ ಮಗಳ ಶಾಲೆ... ಅದೊಂದು ಬಿಟ್ಟು ಎಲ್ಲವನ್ನೂ. ನಾನು ಕೇಳಿದ್ದು ಇಷ್ಟೇ:

"ಅಪ್ಪಾ, ಆ ಹುಲ್ಲಿನ ಮಾತು ಸರ್ ತಾವಾಗೇ ಆಡಿದ್ದೋ, ಹಿಂದಿನ ಸಂಜಿ ನೀವು ಹೋಗಿ ಹೇಳಿಕೊಟ್ಟಿದ್ದೋ?"