ಬ್ಯಾಂಜೋ ಬಂದಾಗ ಎದ್ದ ಮಾವ

ಹಾಡಿನ ನಡುವೆ ಬ್ಯಾಂಜೋ ಎಂಬ ತಂತಿವಾದ್ಯ ಒಂಟಿಯಾಗಿ ಶುರುವಾಗುತ್ತಿದ್ದಂತೆ ಮಾವ ಕುರ್ಚಿಯಿಂದೆದ್ದು ಅಡುಗೆಮನೆಯತ್ತ ನಡೆದರು. ಸಂಗೀತ ಕಚೇರಿಗಳ ಸೀಸನ್ನಿನ ಡಿಸೆಂಬರಿನಲ್ಲಿ, ತಮಿಳು ಸೀಮೆಯ ಬೆಸೆಂಟ್ ನಗರದ ಆ ಮನೆಯಲ್ಲಿ ಕರ್ನಾಟಕ ಸಂಗೀತವಲ್ಲದೆ ಬೇರೇನೂ ಕೇಳುವಂತಿರಲಿಲ್ಲ. ಹೊಸ ಸೊಸೆ ನಾನು, ಅಮೆರಿಕದ ಗಾಯಕಿಯೊಬ್ಬರ ಆಯ್ದ ಹಾಡುಗಳ ಸಿ.ಡಿ. ತಂದು, ಒಂದು ಹಾಡಿಗೆ ಮಾತ್ರ ಒಪ್ಪಿಗೆ ಪಡೆದಿದ್ದೆ. ಬ್ಲೂಗ್ರಾಸ್ ಎಂಬ ಅಲ್ಲಿನ ಬೆಟ್ಟಸೀಮೆಯ ಸಂಗೀತ ನನಗೂ ಹೊಸದು.

“ಹಿಡಿಸಲಿಲ್ವಾ ಮಾವ?”

“ರೊಂಬ ಚೆನ್ನಾಗಿದೆಯಮ್ಮಾ! ತನಿ ಬಂತಲ್ಲ, ಕಾಫಿಗೆ ಎದ್ದೆ.”

ಕಚೇರಿ ನಡೆಯುವ ಸಭಾಗಳಲ್ಲಿ, ಹಾಡು ನಿಂತು ಮೃದಂಗವೊಂದೇ ಬಹಳ ಹೊತ್ತು ನುಡಿಯುವ ತನಿ ಆವರ್ತನ ಬಂದರೆ ಕ್ಯಾಂಟೀನಿಗೆ ಹೋಗುವುದು ಇಲ್ಲಿನವರ ರೂಢಿ. ಆದರೆ ಮಾವ ಬಾಗಿಲು ದಾಟುವಷ್ಟರಲ್ಲಿ ಬ್ಯಾಂಜೋ ನಿಂತು, ಗಾಯಕಿ ಮತ್ತೆ ಹಾಡತೊಡಗಿದರು.

“ಅಯ್ಯೋ, ಅಷ್ಟರೊಳಗೆ ಮುಗೀತಾ? ಮೊದಲಿಂದ ಹಾಕು!”

ಸೀಸನ್ ಮುಗಿಯುವ ಮೊದಲೇ ಆ ಸಿ.ಡಿ. ಮಾವನ ಕೀರ್ತನೆಗಳ ಕಪಾಟು ಸೇರಿತು. ಬ್ಯಾಂಜೋ ಬಂದಾಗ ಅವರು ಮತ್ತೆಂದೂ ಏಳಲಿಲ್ಲ. ಕಾಫಿಯೇ ಕುರ್ಚಿಯ ಬಳಿಗೆ ಹೋಗಬೇಕಾಯಿತು.