ಬೆನ್ನು ನೋಡದೆ ಹೇಳಿದ ಮಾತು

ಬೆಳಿಗ್ಗೆ ಅವಲಕ್ಕಿ ತಿನ್ನುತ್ತಿದ್ದಾಗ ನನ್ನ ಹೆಂಡತಿ ಗೌರಮ್ಮನ ಬಾಯಿ ಒಂದು ಕಡೆಗೆ ವಾಲಿತು. ಬಲಗೈಯ ಚಮಚ ಜಾರಿ ಬಿತ್ತು. "ಏನಾತೇ?" ಅಂದೆ. ಬರೀ ಶಬ್ದ ಬಂತು, ಮಾತು ಬರಲಿಲ್ಲ.

ಸ್ಟ್ರೋಕ್.

ಹರಿಹರದಿಂದ ಆಂಬ್ಯುಲೆನ್ಸಿನಲ್ಲಿ ದಾವಣಗೆರೆಗೆ ಓಡಿದೆವು. ಜೀವ ಉಳಿಯಿತು. ಬಲಭಾಗ ಸ್ವಾಧೀನ ತಪ್ಪಿತು. ಐಸಿಯುವಿನಿಂದ ವಾರ್ಡಿಗೆ ತಂದ ಮೇಲೆ ಹಗಲೂ ರಾತ್ರಿಯೂ ನಾನೇ ಕೂರುತ್ತಿದ್ದೆ. ಅಲ್ಲೇ ಕೆ.ಬಿ. ಬಡಾವಣೆಯಲ್ಲಿರುವ ಮಗಳು ಸುಮಾ ಕೆಲಸ ಮುಗಿಸಿ ಬರುತ್ತಿದ್ದಳು.

ಹಗಲಿನ ಡ್ಯೂಟಿಗೆ ಮಂಜು ಎಂಬ ಗಂಡು ನರ್ಸ್ ಇದ್ದ.

"ಅಜ್ಜಾರ, ಸ್ವಲ್ಪ ಆ ಕಡೆ ಹಿಡ್ಕಳ್ರಿ. ಮಗ್ಗಲು ಮಾಡಿ ಬೆನ್ನು ನೋಡ್ಬೇಕು."

"ಬ್ಯಾಡಪ್ಪ. ಮಗಳು ನೋಡ್ಯಾಳೆ. ಎಲ್ಲಾ ಚಲೋ ಐತೆ."

"ಸಿಸ್ಟರನ್ನ ಕಳಿಸ್ಲೇನ್ರಿ?"

"ಹೇಳಿದ್ನಲ್ಲಪ್ಪ, ನೋಡ್ಯಾಳೆ."

ಮಗಳು ನೋಡಿರಲಿಲ್ಲ. ಅವಳು ಬಂದು ಕೇಳಿದಾಗ "ನರ್ಸ್ ನೋಡ್ಯಾರೆ" ಎಂದೆ. ರಾತ್ರಿ ಪಾಳಿಯವರಿಗೂ ಹೀಗೇ ಏನೋ ಹೇಳಿ, ಮಲಗಿದ್ದಾಳೆ, ಅಲುಗಾಡಿಸಬೇಡಿ ಎಂದೆ.

ಯಾಕೆ ಹೀಗೆ ಮಾಡಿದೆ? ಮೊಮ್ಮಕ್ಕಳನ್ನು ಕಂಡರೂ ಹಗಲು ಬೆಳಕಿನಲ್ಲಿ ಅವಳ ಬೆನ್ನು ನೋಡಿದವನಲ್ಲ ನಾನು. ಅವಳು ಸೀರೆ ಬದಲಿಸುವಾಗ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆ. ನಮ್ಮಲ್ಲಿ ಅದೇ ಮರ್ಯಾದೆ. ಪರಗಂಡಸು ಅವಳ ಬಟ್ಟೆ ಸರಿಸುವುದು ನನಗೆ ಸಹಿಸಲಾಗಲಿಲ್ಲ. ನಾನೇ ಸರಿಸಿ ನೋಡಲೂ ನಾಚಿಕೆ. ಒಮ್ಮೆ ಮಗಳು ನೋಡ್ಯಾಳೆ ಅಂದ ಮೇಲೆ ಸಿಸ್ಟರನ್ನು ಕರೆಸಿದರೆ ಸುಳ್ಳು ಬಯಲಾಗುತ್ತಿತ್ತು. ಅವಳ ಮಾನ ಕಾಯುತ್ತಿದ್ದೇನೆ ಅಂದುಕೊಂಡೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಅವಳು ಎಡಗೈಯಿಂದ ಸೊಂಟದ ಹತ್ತಿರ ಹೊದಿಕೆ ಎಳೆಯುತ್ತಿದ್ದಳು. ಚಳಿ ಇರಬೇಕೆಂದು ನಾನು ಇನ್ನಷ್ಟು ಹೊದಿಸುತ್ತಿದ್ದೆ.

ನೋಡ್ರಿ ಎಂದು ಅವಳು ಆ ಕೈಯಿಂದ ಹೇಳುತ್ತಿದ್ದಳು.

ಹೀಗೆ ಕೆಲವು ದಿನ ಕಳೆದ ಮೇಲೆ ಹಿರಿಯ ಸಿಸ್ಟರ್ ಒಬ್ಬರು ಬೆಡ್‌ಶೀಟಿನ ಮೇಲಿನ ಕಲೆ ಕಂಡು, ನನ್ನನ್ನು ಕೇಳದೆಯೇ ಮಗ್ಗುಲು ತಿರುಗಿಸಿದರು. ಬೆನ್ನಿನ ಕೆಳಭಾಗದಲ್ಲಿ ಚರ್ಮ ಕಪ್ಪಾಗಿ ಒಡೆದಿತ್ತು. ಬೆಡ್‌ಸೋರ್, ಹೊರಳದೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು. ಮಂಜುವನ್ನು ಕರೆದು ಇಡೀ ವಾರ್ಡಿನ ಎದುರೇ ಬೈದರು. ಅವನು ನನ್ನ ಕಡೆ ನೋಡಿದ. ನಾನು ಹೊದಿಕೆಯ ಅಂಚು ಸರಿಮಾಡಿದೆ. ಅವನು ತಲೆ ತಗ್ಗಿಸಿ ಡ್ರೆಸ್ಸಿಂಗ್ ಟ್ರೇ ತರಲು ಹೊರಟಾಗ ನನ್ನಿಂದ ತಡೆಯಲಾಗಲಿಲ್ಲ.

"ಆ ಹುಡುಗನ್ನ ಬೈಬ್ಯಾಡ್ರಮ್ಮ. ಸುಳ್ಳು ಹೇಳಿದಾವ ನಾನು."

ಸಿಸ್ಟರ್ ನನ್ನ ಕಡೆ ತಿರುಗಿದರು. "ಮಾತು ಬರದ ಪೇಷೆಂಟು, ಅಜ್ಜಾರ. ನೀವಂದಿದ್ದನ್ನೇ ನಂಬಿದ್ವಿ. ನಮ್ದೂ ತಪ್ಪೇ, ಕಣ್ಣಾರೆ ನೋಡ್ಬೇಕಿತ್ತು."

ಗಾಯಕ್ಕೆ ಇನ್‌ಫೆಕ್ಷನ್ ಆಗಿದೆ, ಕೂರಿಸಿ ಫಿಸಿಯೋಥೆರಪಿ ಮಾಡುವುದು ಮುಂದಕ್ಕೆ ಹೋಗುತ್ತದೆ ಎಂದರು ಡಾಕ್ಟರ್. ಅಂದರೆ ಅವಳು ಎದ್ದು ನಡೆಯುವುದೂ ಮುಂದಕ್ಕೆ.

ಸುಮಾ ಕೂಗಾಡಲಿಲ್ಲ. "ನಂಗೆ ನರ್ಸ್ ನೋಡ್ಯಾರೆ ಅಂದಿ. ನರ್ಸಿಗೆ ಮಗಳು ನೋಡ್ಯಾಳೆ ಅಂದಿ. ಹಂಗಾರೆ ಅವ್ವನ್ನ ನೋಡಿದ್ಯಾರಪ್ಪ?"

ಆಮೇಲೆ ಮಂಜುವೇ ನನಗೆ ಕಲಿಸಿದ. ಎಳೆಯದೆ ಹೊರಳಿಸುವುದು, ಮಂಡಿಗಳ ನಡುವೆ ದಿಂಬು ಇಡುವುದು, ಕೆಂಪಾದ ಕಡೆ ಬೆರಳಿಂದ ಒತ್ತಿ ಬಣ್ಣ ಬಿಳಿಚುತ್ತದೋ ಇಲ್ಲವೋ ನೋಡುವುದು; ಬಿಳಿಚದಿದ್ದರೆ ಹುಣ್ಣು ಶುರುವಾದಂತೆ. ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದೆ. "ಹೆದರಬ್ಯಾಡ್ರಿ, ಅಜ್ಜಿ ಕಚ್ಚಲ್ಲ" ಎಂದ. ಅವಳ ಬಾಯಿಯ ಒಂದು ಕಡೆ ನಕ್ಕಿತು.

ಈಗ ಹರಿಹರದ ಮನೆಯಲ್ಲಿದ್ದೇವೆ. ಗಾಯ ಕೂಡುತ್ತಿದೆ, ಪೂರ್ತಿ ಕೂಡಿಲ್ಲ. ನಾಲ್ಕಾರು ಮಾತು ಮರಳಿವೆ. ಸೊಂಟ ನೋಯುತ್ತದೆ ನನಗೆ, ನಿದ್ದೆ ಸಾಲದು. ಆದರೂ ಅವಳು ಇದ್ದಾಳೆ. ಸ್ನಾನ ಮಾಡಿಸುವ ಮುಂಚೆ ಕಿಟಕಿ ತೆಗೆದು ಬೆಳಕಿಗೆ ಹೊರಳಿಸಿ, "ನೋಡ್ಲೇನೇ?" ಎಂದು ಕೇಳುತ್ತೇನೆ. ಅವಳು ತಲೆ ಆಡಿಸುತ್ತಾಳೆ. ನಿನ್ನೆ ಬಹಳ ಹೊತ್ತಾಯಿತೇನೋ, ತೊದಲುತ್ತಾ ಗದರಿದಳು.

"ಸಾಕು, ಮುಚ್ರಿ."

"ತಡಿ" ಎಂದೆ. "ಇನ್ನೂ ನೋಡಿಲ್ಲ."