ಎರವಲು ಹೋದ ಲೇತ್ ಮಿಷನ್ನು

ಕೊಟ್ಟೂರಿನ ಕಮಾಲಸಾಬನಿಗೆ ಚಿಂತೆ ಹುಟ್ಟುವಾಗಲೇ ಜೊತೆಗೆ ಬಂದದ್ದು. ಉಳಿದ ಕೂಸುಗಳು ಹುಟ್ಟಿದ ಕೂಡಲೇ ಅಳುತ್ತವೆ. ಈತ ಸೂಲಗಿತ್ತಿಯ ಮುಖ ನೋಡಿ, ಈಕೆಗೆ ಕೆಲಸ ಬರುತ್ತದೋ ಇಲ್ಲವೋ ಎಂದು ಹುಬ್ಬು ಗಂಟಿಕ್ಕಿದನಂತೆ. ದೊಡ್ಡವನಾದ ಮೇಲೆ ಹಣೆಯ ಗೆರೆಗಳು ಎಷ್ಟು ಆಳವಾದವೆಂದರೆ, ಒಂದು ಹದ ಮಳೆ ಬಿದ್ದಿದ್ದರೆ ಅಲ್ಲಿ ಜೋಳ ಬಿತ್ತಬಹುದಿತ್ತು. ಮಳೆ ಬಂದರೆ ಮಾಳಿಗೆ ಸೋರೀತೆಂಬ ಚಿಂತೆ, ಬರದಿದ್ದರೆ ಮಾಳಿಗೆ ಇದ್ದೂ ಏನು ಬಂತೆಂಬ ಚಿಂತೆ. ಓಣಿಯಲ್ಲಿ ಯಾರಿಗಾದರೂ ಚಿಂತೆ ಕಡಿಮೆ ಬಿದ್ದರೆ ಕಮಾಲಸಾಬನ ಮನೆಯಿಂದ ಒಂದು ಬೊಗಸೆ ಕಡ ತರುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ ಪಿಂಜಾರ. ಮಗ ಊರಾಚೆಯ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲು ಸೇರಿ ಫಿಟ್ಟರ್ ಆದ. ಎಪ್ಪತ್ತರ ದಶಕದಲ್ಲಿ ಆ ಮಿಲ್ಲು ನಷ್ಟದಲ್ಲಿ ಮುಚ್ಚಿತು. ಹಳೆಯ ಮಾಲೀಕ, ಕೊಡಬೇಕಾದ ಪಗಾರದ ಬದಲು ರಿಪೇರಿ ಕೋಣೆಯ ಲೇತ್ ಮಿಷನ್ನನ್ನು ತೋರಿಸಿ, "ಇದನ್ನ ತಗಂಡು ಹೋಗು ಕಮಾಲ, ನಿನ್ನ ಪಾಲಿಗೆ ಇದ" ಎಂದು ಹೇಳಿ ಊರು ಬಿಟ್ಟ. ಚೀಟಿ ಇಲ್ಲ, ರಸೀದಿ ಇಲ್ಲ. ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದದ್ದನ್ನು ಊರೆಲ್ಲ ನೋಡಿತ್ತು. ಊರು ನೋಡಿದ್ದೇ ಪತ್ರ, ಊರ ಬಾಯೇ ಮೊಹರು. ಕಬ್ಬಿಣದ ಸರಳನ್ನು ತಿರುಗಿಸಿ, ಉಳಿಯಿಂದ ಹೆರೆದು, ಬೇಕಾದ ಅಳತೆಗೆ ತರುವ ಆ ಮಿಷನ್ನು ಕೂಡ್ಲಿಗಿ ರಸ್ತೆಯ ತಗಡಿನ ಅಂಗಡಿಯಲ್ಲಿ ಕೂತ ಮೇಲೆ ಮನೆಯ ಒಲೆ ಆರಲಿಲ್ಲ. ಗುಡೇಕೋಟೆಯ ಕಡೆ ಯಾರದಾದರೂ ಪಂಪ್‌ಸೆಟ್ಟು ಒಮ್ಮೆ ಕೆಮ್ಮಿದರೆ ಸಾಕು, ಅದರ ಷಾಫ್ಟು ಮರುದಿನ ಕಮಾಲಸಾಬನ ಎದುರಿಗೆ ಮಲಗಿರುತ್ತಿತ್ತು.

ಅಷ್ಟರಲ್ಲಿ ಎಂಬತ್ತರ ದಶಕ ಬಂತು. ಮೊದಲು ಕೈಯಲ್ಲಿ ನಾಲ್ಕು ಕಾಸಾದವರು ಖಾನಾವಳಿ ತೆಗೆಯುತ್ತಿದ್ದರು, ಈಗ ಎಂಜಿನಿಯರಿಂಗ್ ಕಾಲೇಜು ತೆಗೆಯತೊಡಗಿದರು. ಶೇಂಗಾ ಎಣ್ಣೆ ಮಿಲ್ಲಿನ ಹುಲುಗಣ್ಣನವರು ಮುಚ್ಚಿದ ಜಿನ್ನಿಂಗ್ ಮಿಲ್ಲನ್ನು ಟ್ರಸ್ಟಿನ ಹೆಸರಲ್ಲಿ ಕೊಂಡು, ಸುಣ್ಣ ಬಳಿಸಿ, ಬೋರ್ಡು ಹಾಕಿಸಿದರು. ಬೋರ್ಡು ಎಷ್ಟು ಉದ್ದವಿತ್ತೆಂದರೆ ಅದರ ಆರಂಭ ಕೊಟ್ಟೂರಿನಲ್ಲಿದ್ದು ಕೊನೆಯ ಅಕ್ಷರ ಹಗರಿಬೊಮ್ಮನಹಳ್ಳಿಯ ಹದ್ದಿನಲ್ಲಿತ್ತು. ಅರವತ್ತು ಹುಡುಗರು ಸೇರಿದರು. ಪಾಠವೂ ಶುರುವಾಯಿತು. ಬರಬೇಕಾದದ್ದು ಒಂದೇ, ವಿಶ್ವವಿದ್ಯಾಲಯದ ಮಾನ್ಯತೆ. ಅದಕ್ಕೆ ಕಮಿಟಿ ಬಂದು ಪ್ರಯೋಗಶಾಲೆ, ಲೈಬ್ರರಿ, ವರ್ಕ್‌ಶಾಪು ಎಲ್ಲ ಕಣ್ಣಾರೆ ನೋಡಬೇಕು. ಕಮಿಟಿ ಒಲ್ಲೆನೆಂದರೆ ಹುಡುಗರು ಪರೀಕ್ಷೆಗೆ ಕೂಡುವಂತಿಲ್ಲ, ವರ್ಷವೆಲ್ಲ ಹಗರಿ ಹಳ್ಳದ ಪಾಲು.

ವರ್ಕ್‌ಶಾಪಿನಲ್ಲಿ ಆಗ ಇದ್ದದ್ದು ಎರಡು ಸುತ್ತಿಗೆ ಮತ್ತು ಒಂದು ಗುಬ್ಬಿ ಗೂಡು. ಹುಲುಗಣ್ಣನವರು ನೇರವಾಗಿ ಕಮಾಲಸಾಬನ ಅಂಗಡಿಗೆ ಬಂದರು.

"ಕಮಾಲ, ಮನ್ಯಾಗ ಮದಿವಿ ಬಂದ್ರ ನೀರು ಕಾಸೋ ಹಂಡೆ ಎಲ್ಲಿಂದ ತರ್ತೀವಿ?"

"ನೆರಿಮನಿಯಿಂದ್ರಿ ಸಾವ್ಕಾರ್ರ."

"ಹಂಗ ತಿಳಕೋ. ಮೂರು ದಿನ. ಕಮಿಟಿ ನೋಡಿಕೆಂಡು ಹೋದ್ ಕೂಡ್ಲೆ ನಿನ್ನ ಮಿಷನ್ನು ನಿನ್ನ ಅಂಗಡಿಗಿ."

"ಹಂಡೆ ನೆಗ್ಗಿದ್ರ ಬಡಿದು ಸರಿ ಮಾಡಬೌದ್ರಿ. ಇದಕ್ಕೇನರ ಆದ್ರ?"

"ಏನಾಗತೈತಿ? ಅದೇನು ಓಡಿ ಹೋಗತೈತಾ? ನಮ್ಮೂರ ಹುಡುಗ್ರೂ ಅದಾವಪ್ಪ ಅದ್ರಾಗ. ನಾಳೆ ಅವರವ್ವಗಳು ಬಂದು ನಿನ್ನ ಕೇಳ್ತಾರ, ಒಂದು ಮಿಷನ್ನು ಕೊಡಾಕ ಆಗಲಿಲ್ಲೇನು ಅಂತ."

ಅರವತ್ತು ತಾಯಂದಿರು ಸೆರಗು ಬಿಗಿದು ಅಂಗಡಿಯ ಮುಂದೆ ಸಾಲು ನಿಂತದ್ದು ಕಮಾಲಸಾಬನ ಕಣ್ಣಿಗೆ ಕಟ್ಟಿತು. ಆತ ಹೂಂ ಎನ್ನಲಿಲ್ಲ. ಆದರೆ ಊಹೂಂ ಎನ್ನುವ ಶಕ್ತಿ ಆತನ ವಂಶದಲ್ಲೇ ಯಾರಿಗೂ ಇರಲಿಲ್ಲ.

ಮನೆಯಲ್ಲಿ ಹೆಂಡತಿ ಸೈದಾ ಬೀ ರೊಟ್ಟಿ ಬಡಿಯುತ್ತ ಸುದ್ದಿ ಕೇಳಿದಳು. ಬಡಿತ ನಿಲ್ಲಲಿಲ್ಲ, ಜೋರಾಯಿತು.

"ಹಂಡೆ ಎರವಲು ಕೊಟ್ಟೋರ್ನ ನೋಡೀನಿ. ಗಂಡನ್ನ ಎರವಲು ಕೊಟ್ಟೋರ್ನ ನೋಡಿಲ್ಲ."

"ನಾ ಇಲ್ಲೇ ಅದೀನಲ್ಲ."

"ನಿಮ್ಮನ್ನ ಯಾರಂದ್ರು? ಈ ಮನ್ಯಾಗ ದುಡಿದು ಹಾಕಾದು ಆ ಮಿಷನ್ನು. ನೀವು ಅದರ ತಮ್ಮ."

ಮಿಷನ್ನು ಗಾಡಿ ಏರಿತು. ಹಳೆಯ ರಿಪೇರಿ ಕೋಣೆಯಲ್ಲಿ ಹಳೆಯ ಬೋಲ್ಟುಗಳು ನೆಲದಿಂದ ಇನ್ನೂ ತಲೆ ಎತ್ತಿಕೊಂಡೇ ನಿಂತಿದ್ದವು. ಇಳಿಸಿದರೆ ತವರಿಗೆ ಬಂದ ಮಗಳು ತನ್ನ ಮೂಲೆಯಲ್ಲಿ ಕೂತ ಹಾಗೆ ಕೂತುಬಿಟ್ಟಿತು. ಕಮಾಲಸಾಬ ಅದನ್ನು ನೋಡಿ, ಇದು ಇನ್ನು ಇಲ್ಲಿಂದ ಏಳುತ್ತದೋ ಇಲ್ಲವೋ ಎಂದು ಹುಬ್ಬು ಗಂಟಿಕ್ಕಿದ. ಮರುದಿನ ಬಂದು ನೋಡಿದರೆ ಗೌಂಡಿ ಪಕ್ಕೀರಪ್ಪ ನಟ್ಟುಗಳ ಮೇಲೆಲ್ಲ ಸಿಮೆಂಟು ಸುರಿದು ನುಣ್ಣಗೆ ಕರಣಿ ಎಳೆಯುತ್ತಿದ್ದ.

"ಇದೇನ್ಲೇ ಪಕ್ಕೀರಪ್ಪ? ಮೂರು ದಿನದ ಮಾತಿಗೆ ಸಿಮೆಂಟ್ಯಾಕ?"

"ಪ್ರಿನ್ಸಿಪಾಲ್ರು ಹೇಳ್ಯಾರ. ಕಮಿಟಿಯೋರು ನೂಕಿ ನೋಡ್ತಾರಂತ. ಅಳ್ಳಾಡಿದ್ರ ಎರವಲು ಅಂತ ತಿಳಿತೈತಂತ."

"ಆಮ್ಯಾಕ ಹೆಂಗ ಕೀಳಾದು?"

"ಕೀಳಾದು ನನಗ ಹೇಳಿಲ್ಲಪ್ಪ. ಹಾಕಾದಷ್ಟ ಹೇಳ್ಯಾರ."

ಬೇರೆ ಎರವಲುಗಳೂ ಬಂದವು. ಲೈಬ್ರರಿಯ ಪುಸ್ತಕಗಳು ದೂರದ ಯಾವುದೋ ಕಾಲೇಜಿನಿಂದ ಲಾರಿಯಲ್ಲಿ ಬಂದವು. ಅವು ಎಷ್ಟು ಕಮಿಟಿ ಕಂಡ ಪುಸ್ತಕಗಳೆಂದರೆ, ಲಾರಿಯ ಬಾಗಿಲು ತೆಗೆದ ಕೂಡಲೇ ತಾವೇ ಇಳಿದು, ದಪ್ಪನೆಯವು ಕೆಳಗೆ ತೆಳ್ಳನೆಯವು ಮೇಲೆ, ಕಪಾಟಿನಲ್ಲಿ ಹೋಗಿ ನಿಂತವು. ಎಲ್ಲ ಸಜ್ಜಾಯಿತು. ಬಾರದೇ ಇದ್ದದ್ದು ಕಮಿಟಿ ಒಂದೇ. ಮುಂದಿನ ವಾರ ಬರುತ್ತೇವೆಂದು ತಂತಿ ಬಂತು. ಮುಂದಿನ ವಾರ ಅದರ ಮುಂದಿನ ವಾರವೆಂದು ಇನ್ನೊಂದು ತಂತಿ. ಮೂರು ದಿನ ಎಂಬುದು ರಬ್ಬರಿನಂತೆ ಎಳೆದುಕೊಂಡು ತಿಂಗಳು ದಾಟಿತು.

ಕಮಾಲಸಾಬ ದಿನವೂ ಮಿಲ್ಲಿಗೆ ಹೋಗಿ ಮಿಷನ್ನಿಗೆ ಎಣ್ಣೆ ಹಚ್ಚಿ, ಒರೆಸಿ ಬರುತ್ತಿದ್ದ. ಒಂದು ದಿನ ಪ್ರಿನ್ಸಿಪಾಲರು, ಒಳ್ಳೆಯ ಸುದ್ದಿ ಹೇಳುವವರಂತೆ, "ಹೆದರಬೇಡ ಮಾರಾಯ, ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ. ಟ್ರಸ್ಟು ಮಿಲ್ಲು ಕೊಂಡದ್ದೇ ಒಳಗಿನ ಸಮಸ್ತ ಯಂತ್ರಗಳ ಸಮೇತ" ಎಂದರು. ಕಮಾಲಸಾಬ ಎಣ್ಣೆ ಬಟ್ಟೆ ಹಿಡಿದುಕೊಂಡೇ ಲೆಕ್ಕ ಹಾಕತೊಡಗಿದ. ಮಿಲ್ಲಿನೊಳಗಿದ್ದದ್ದೆಲ್ಲ ಟ್ರಸ್ಟಿನದಾದರೆ, ಈಗ ಮಿಲ್ಲಿನೊಳಗೆ ಇರುವುದು ಯಾರದು? ತನ್ನದೆಂದು ತೋರಿಸಲು ತನ್ನ ಬಳಿ ಏನಿದೆ? ಊರ ಬಾಯಿ. ಊರ ಬಾಯಿಗೆ ಎಷ್ಟು ಬೋಲ್ಟು ಹಾಕಿ ಬಿಗಿದಿಟ್ಟರೆ ನಿಂತೀತು?

ಕಡೆಗೊಂದು ದಿನ ಕಮಿಟಿ ಬಂತು. ಬಿಳಿ ಕಾರಿನಲ್ಲಿ ಮೂವರು. ಅಧ್ಯಕ್ಷರು ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು ಸುಣ್ಣದ ಗೋಡೆಯನ್ನೂ ಪುಸ್ತಕದಂತೆ ಓದುವವರು. ಕಮಾಲಸಾಬನಿಗೆ ಕಾಲೇಜಿನವರು ಖಾಕಿ ಕೋಟು ತೊಡಿಸಿ ಇನ್‌ಸ್ಟ್ರಕ್ಟರ್ ಮಾಡಿ ನಿಲ್ಲಿಸಿದ್ದರು. ಕೋಟಿನೊಳಗೆ ಬೆವರು ಎಷ್ಟು ಹರಿಯಿತೆಂದರೆ, ಅದಕ್ಕೊಂದು ಅಡ್ಡಗಟ್ಟೆ ಕಟ್ಟಿದ್ದರೆ ತಾಲೂಕಿಗೇ ಎರಡು ಬೆಳೆ ಬರುತ್ತಿತ್ತು.

ಅಧ್ಯಕ್ಷರು ಬಂದವರೇ ಎರಡೂ ಕೈಯಿಂದ ಮಿಷನ್ನನ್ನು ನೂಕಿದರು. ಅದು ಕದಲಲಿಲ್ಲ. ಹುಲುಗಣ್ಣನವರ ಮೀಸೆ ಅರಳಿತು.

"ಹಳೆಯ ಯಂತ್ರ. ಚೆನ್ನಾಗಿ ಇಟ್ಟಿದ್ದೀರಿ," ಎಂದ ಅಧ್ಯಕ್ಷರು ಕಮಾಲಸಾಬನ ಕಡೆ ತಿರುಗಿದರು. "ಇದು ಕಾಲೇಜಿನದೇ ತಾನೆ?"

ಕಮಾಲಸಾಬ ಹುಲುಗಣ್ಣನವರನ್ನು ನೋಡಲಿಲ್ಲ. ಕಿಟಕಿಯ ಸರಳುಗಳ ಆಚೆ ಹುಡುಗರು ಒಬ್ಬರ ಹೆಗಲ ಮೇಲೊಬ್ಬರು ಮುಖ ಇಟ್ಟುಕೊಂಡು ನಿಂತಿದ್ದರು. ಹೌದೆಂದರೆ ತನ್ನ ಮಿಷನ್ನು ತನ್ನ ಬಾಯಿಂದಲೇ ಹೋಯಿತು. ಅಲ್ಲವೆಂದರೆ ಅಷ್ಟೂ ಹುಡುಗರ ವರ್ಷ ತನ್ನ ಬಾಯಿಂದಲೇ ಹೋಯಿತು.

"ಹೌದ್ರಿ," ಎಂದ. "ಕಾಲೇಜಿಂದು."

ಅದೇ ಹೊತ್ತಿಗೆ ಬಾಗಿಲಲ್ಲಿ ಗುಡೇಕೋಟೆಯ ದುರುಗಪ್ಪ ಹೆಗಲ ಮೇಲೆ ಪಂಪಿನ ಷಾಫ್ಟು ಹೊತ್ತು ನಿಂತಿದ್ದ. ಅಂಗಡಿಗೆ ಹೋಗಿ, ಮಿಷನ್ನು ಮಿಲ್ಲಿನಲ್ಲಿದೆ ಎಂದು ಕೇಳಿ ಇಲ್ಲಿಗೆ ಬಂದವನು. ಆಡಿದ ಮಾತು ಆತನ ಕಿವಿಗೂ ಬಿತ್ತು. ಬಾಯಿ ತೆರೆದವನು ಮುಚ್ಚಲು ಮರೆತ. ಪ್ರಿನ್ಸಿಪಾಲರು ಮುಂದೆ ಹಾರಿ, "ಸುತ್ತಲಿನ ರೈತರಿಗೂ ನಮ್ಮ ವರ್ಕ್‌ಶಾಪಿನಿಂದ ಸೇವೆ ಇದೆ ಸರ್" ಎಂದರು. ಅಧ್ಯಕ್ಷರು ಸಂತೋಷಪಟ್ಟು ಅದನ್ನು ಬರೆದುಕೊಂಡರು. ದುರುಗಪ್ಪನ ಷಾಫ್ಟು ಅವರ ಎದುರೇ ರಿಪೇರಿಯಾಯಿತು.

ದುರುಗಪ್ಪ ಷಾಫ್ಟಿನ ಜೊತೆ ಸುದ್ದಿಯನ್ನೂ ಹೊತ್ತು ನಡೆದ. ಕಮಾಲಸಾಬ ಮಿಷನ್ನು ಮಾರಿದ ಎಂಬ ಮಾತು ಕೂಡ್ಲಿಗಿ ಮುಟ್ಟುವಷ್ಟರಲ್ಲಿ ಭಾರೀ ಬೆಲೆಗೆ ಮಾರಿದ ಎಂದಾಯಿತು. ಹರಪನಹಳ್ಳಿಯಲ್ಲಿ ಆ ದುಡ್ಡಿನಲ್ಲಿ ಹಜ್‌ಗೆ ಹೊರಟಿದ್ದ. ಹಡಗಲಿ ದಾಟಿ ಮಾಗಳದ ಹೊಳೆ ದಂಡೆಗೆ ಹೋಗುವ ಹೊತ್ತಿಗೆ ಹೋಗಿ ಬಂದು ಖರ್ಜೂರದ ಅಂಗಡಿಯನ್ನೂ ಇಟ್ಟಿದ್ದ. ಊರ ಬಾಯಿ ಹೊರಳಿಬಿಟ್ಟಿತ್ತು. ತಗಡಿನ ಅಂಗಡಿಯ ಮುಂದೆ ಕೂತ ಕಮಾಲಸಾಬ, "ಇಲ್ಲಪ್ಪ, ಅದು ನಂದ" ಎಂದರೆ ಹೋಗುವವರು, "ನೀನ ಹೇಳಿದ್ಯಂತಲ್ಲೋ" ಎಂದು ನಕ್ಕು ಮುಂದೆ ಸಾಗುತ್ತಿದ್ದರು.

ಹುಲುಗಣ್ಣನವರನ್ನು ಕೇಳಿದರೆ, "ಮಾನ್ಯತೆ ಪತ್ರ ಒಂದು ಬರ್ಲಿ" ಎಂದರು. ಪತ್ರ ಬಂತು. ಒಂದು ವರ್ಷದ ಮಟ್ಟಿಗೆ ಮಾನ್ಯತೆ, ವರ್ಕ್‌ಶಾಪು ಮೆಚ್ಚುವಂತಿದೆ, ರೈತರ ಸೇವೆಯನ್ನು ತಪ್ಪದೆ ಮುಂದುವರಿಸಬೇಕು, ಮುಂದಿನ ವರ್ಷ ಕಮಿಟಿ ಮತ್ತೆ ಬರುತ್ತದೆ.

"ನಾ ಏನು ಮಾಡ್ಲಿ ಕಮಾಲ?" ಹುಲುಗಣ್ಣನವರು ನಿಜವಾಗಿಯೇ ಬೇಜಾರಿನಿಂದ ಹೇಳಿದರು. "ಇನ್ನೊಂದು ವರ್ಷ ತಡಿ. ಮ್ಯಾಲೆ, ಅಷ್ಟು ಮಂದಿ ಎದುರಿಗೆ ಕಾಲೇಜಿಂದು ಅಂದಾಂವ ನೀನ."

ಕಮಾಲಸಾಬ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗಿದ. ಸೈದಾ ಬೀ ತಲೆಯ ಹತ್ತಿರ ಕೂತಳು.

"ಕೊಟ್ಟ ಹಂಡೆ ಕೊಂಡೊಯ್ದೋರು ವಾಪಸ್ ತರದಿದ್ರ ನಮ್ಮವ್ವ ಏನು ಮಾಡತಿದ್ಳು ಗೊತ್ತೇನ್ರಿ?"

"ಜಗಳಾಡತಿದ್ಳೇನು?"

"ಜಗಳ ಯಾಕ? ಅವರ ಮನಿಗೇ ಹೋಗಿ, ಅವರ ಬಚ್ಚಲದಾಗ, ಅದ ಹಂಡ್ಯಾಗ ನೀರು ಕಾಸಿ, ಮೈ ತೊಳಕಂಡು ಬರತಿದ್ಳು. ದಿನಾ. ಕಡೀಕೆ ಹಂಡೇನ ಮನಿಗಿ ಬರತಿತ್ತು. ಏಳ್ರಿ. ರೈತರ ಸೇವೆ ಮಾಡ್ಬೇಕಂತ ದೊಡ್ಡೋರ ಬರದಾರಲ್ಲ, ಹೋಗಿ ಮಾಡ್ರಿ."

"ಪೊಲೀಸ್ರನ್ನ ಕರದ್ರ?"

"ಸೇವೆ ಮಾಡಾಕತ್ಯಾನ ಅಂತ ದೂರು ಕೊಡ್ತಾರೇನು?"

ಮರುದಿನದಿಂದ ಸೈದಾ ಬೀ ಅಂಗಡಿಯ ಮುಂದೆ ಕೂತು, ಬಂದವರನ್ನೆಲ್ಲ ಕಾಲೇಜಿಗೆ ಕಳಿಸತೊಡಗಿದಳು. ಸುತ್ತಲಿನ ತಾಲೂಕುಗಳ ಮುರುಕು ಷಾಫ್ಟು, ಸವೆದ ಬುಷ್ಷು, ಬಾಗಿದ ಗಾಡಿ ಅಚ್ಚು ಎಲ್ಲ ಮಿಲ್ಲಿನ ದಾರಿ ಹಿಡಿದವು. ದೂರದ ಹೊಳಲು ಊರಿನಿಂದ ಬಂದವರು ಬುತ್ತಿ ಗಂಟು ಬಿಚ್ಚಿ ಪ್ರಯೋಗಶಾಲೆಯ ಮೇಜಿನ ಮೇಲೆ ಉಂಡರು. ವರಾಂಡದ ಕಂಬಗಳಿಗೆ ಎತ್ತು ಕಟ್ಟಿದರು. ಗಣಿತದ ತರಗತಿಯ ಕಿಟಕಿಯಲ್ಲಿ ತಪ್ಪದೆ ತಲೆ ಹಾಕುತ್ತಿದ್ದ ಒಂದು ಎತ್ತಿಗೆ ವರ್ಷದ ಕೊನೆಗೆ ಹಾಜರಿ ಕಡಿಮೆ ಬೀಳಲಿಲ್ಲವಂತೆ. ಲೇತಿನ ಕಿರುಚಾಟಕ್ಕೆ ಪ್ರಿನ್ಸಿಪಾಲರ ಪಾಠ ಅವರಿಗೇ ಕೇಳಿಸದಾಯಿತು. ಕಮಾಲಸಾಬ ಮಾತ್ರ ಒಂದು ಕಣ್ಣು ಉಳಿಯ ಮೇಲೆ, ಒಂದು ಕಣ್ಣು ಬಾಗಿಲ ಮೇಲೆ ಇಟ್ಟುಕೊಂಡು, ಈಗ ಹೊರಗೆ ಹಾಕುತ್ತಾರೆ, ಇನ್ನೊಂದು ಗಳಿಗೆಗೆ ಹಾಕುತ್ತಾರೆ ಎಂದು ನಡುಗುತ್ತಲೇ ದುಡಿದ.

ಒಂದು ಮಧ್ಯಾಹ್ನ ಹುಲುಗಣ್ಣನವರು ಸಗಣಿ ದಾಟಿಕೊಂಡು ಒಳಗೆ ಬಂದರು. ಗಂಡನಿಗೆ ಊಟ ತಂದಿದ್ದ ಸೈದಾ ಬೀ ಅಲ್ಲೇ ಇದ್ದಳು.

"ಏನವ್ವ ಇದು? ಕಾಲೇಜೋ, ದನದ ಸಂತಿನೋ?"

"ನಿಮ್ಮ ಬಚ್ಚಲದಾಗ ನಮ್ಮ ಹಂಡೆ ಇಟ್ಟು ನೀರು ಕಾಸಾಕತ್ತೀವ್ರಿ ಸಾವ್ಕಾರ್ರ. ಹಂಡೆ ಬ್ಯಾಸರಾದ್ರ ಹೇಳ್ರಿ, ಒಯ್ತೀವಿ."

ಹುಲುಗಣ್ಣನವರು ಮಿಷನ್ನನ್ನು ನೋಡಿದರು, ಎತ್ತುಗಳನ್ನು ನೋಡಿದರು, ಕಡೆಗೆ ತಮ್ಮ ಚಪ್ಪಲಿಯನ್ನು ನೋಡಿಕೊಂಡರು. "ಹುಬ್ಬಳ್ಳಿಯಿಂದ ಹೊಸಾದು ತರಸ್ತೀನಿ," ಎಂದರು. "ಅದು ಬಂದ ದಿನ ಇದನ್ನ ಒಯ್ರವ್ವ. ಎತ್ತುಗಳನ್ನಂತೂ ಇವತ್ತ ಬಿಚ್ರಿ."

ಹೊಸದು ಬಂತು. ಪಕ್ಕೀರಪ್ಪ ಹಾರೆ ಹಿಡಿದು ತಾನೇ ಹಾಕಿದ ಸಿಮೆಂಟನ್ನು ಬೈಯುತ್ತ ಒಡೆದ. ಪ್ರತಿ ಏಟಿಗೂ ಕಮಾಲಸಾಬ ಕಿವಿ ಮುಚ್ಚಿಕೊಂಡ. ಗಾಡಿ ಹೊರಟಿತು. ಸೈದಾ ಬೀ ಜೊತೆಗೆ ನಡೆಯುತ್ತ, "ಬಾಯ್ಲೆ ಕಳಕಂಡೀರಿ, ಬಾಯ್ಲೆ ತಗೋಬೇಕು. ಬಜಾರದಾಗ ನಿಂತು ನಂದು ಅಂತ ಒಂದು ಮಾತು ಹೇಳ್ರಿ" ಎಂದಳು. ಬಜಾರ ಬಂತು. ಗಾಡಿ ನಿಂತಿತು. ಜನ ಸೇರಿದರು. ಕಮಾಲಸಾಬ ಬಾಯಿ ತೆರೆದ. ಗಾಳಿ ಬಂತು, ಮಾತು ಬರಲಿಲ್ಲ. ಸೈದಾ ಬೀ ಹಣೆ ಬಡಿದುಕೊಂಡು ಗಾಡಿ ಹೊಡೆಸಿದಳು. ಜನ, ಏನಾದೀತೋ ನೋಡೋಣವೆಂದು, ಕೂಡ್ಲಿಗಿ ರಸ್ತೆಯವರೆಗೂ ಹಿಂದೆಯೇ ಬಂದರು.

ಅಂಗಡಿಯ ಮುಂದೆ ಇಳಿಸುವುದಕ್ಕೆ ದುರುಗಪ್ಪನೂ ಹೆಗಲು ಕೊಟ್ಟ. ಹಲಗೆಯ ಮೇಲೆ ಜಾರಿಸುವಾಗ ಒಂದು ಹಗ್ಗ ಸಡಿಲಿತು. ಮಿಷನ್ನು ಒಂದು ಮಗ್ಗುಲಿಗೆ ವಾಲಿತು.

"ಮೆಲ್ಲಕ್ರಲೇ," ಎಂದು ಕಮಾಲಸಾಬ ಹಲಗೆಗೆ ಅಡ್ಡ ನುಗ್ಗಿ ಗಂಟಲು ಹರಿಯುವಂತೆ ಕೂಗಿದ. "ನನ್ನ ಮಿಷನ್ನದು. ನಂದದು. ಏನರ ಆದ್ರ ಒಬ್ಬರ್ನೂ ಬಿಡಂಗಿಲ್ಲ."

ಭಾರಕ್ಕೆ ಮುಖ ಕೆಂಪಾದ ದುರುಗಪ್ಪ ಹಲ್ಲು ಕಚ್ಚಿಕೊಂಡೇ ಹೇಳಿದ:

"ಊರಿಗೆಲ್ಲ ಕೇಳಿಸ್ತಲೇ ಮಾರಾಯ. ಈಗ ಮೊದ್ಲು ನಿನ್ನ ಕಾಲು ತೆಗಿ, ಇಳಸ್ತೀವಿ."